ಗಿಮ್ಲೆಟ್ಟಿನ ಒಂದು ಪಾಠಾಂತರ

ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿದವನಿಗೆ ಒಂದು ಚಾಳಿ ಅಂಟಿಕೊಂಡುಬಿಡುತ್ತದೆ. ಎದುರಿಗೆ ಬಂದದ್ದೆಲ್ಲ ಅವನಿಗೆ ಪಠ್ಯವೇ. ಮದುವೆಮನೆಯಲ್ಲಿ ಸಾರು ಬಡಿಸಿದರೆ ಅದರ ಹುಳಿ ಎಲ್ಲಿಂದ ಬಂತು, ಬೆಲ್ಲ ಯಾಕೆ ಹಿಂದೆ ನಿಂತಿತು ಎಂದು ಶುರುಮಾಡುತ್ತಾನೆ. "ಮೊದಲ ಉಂಡು ಏಳ್ರಿ, ವಿಮರ್ಶಾ ಮನೀಗೆ ಹೋಗಿ ಮಾಡೀರಂತ" ಎಂದು ನನ್ನ ಹೆಂಡತಿ ಪಂಕ್ತಿಯಲ್ಲೇ ಮೊಣಕೈಯಿಂದ ತಿವಿದದ್ದುಂಟು. ಹೀಗಾಗಿ ನಾನು ಒಂದು ಪಾನೀಯದ ವಿಮರ್ಶೆ ಬರೆಯಲು ಕೂತಿದ್ದೇನೆಂದರೆ ನನ್ನನ್ನು ಬಲ್ಲವರಿಗೆ ಆಶ್ಚರ್ಯವಾಗಲಿಕ್ಕಿಲ್ಲ. ಆ ಪಾನೀಯದಲ್ಲಿ ಮದ್ಯವಿದೆ ಎಂದರೆ ಮಾತ್ರ ಕೆಲವರು ಹುಬ್ಬೇರಿಸಬಹುದು. ಅವರು ಸ್ವಲ್ಪ ತಾಳಬೇಕು. ಈ ಕತೆ ಮದ್ಯ ಬಿಟ್ಟವನೊಬ್ಬನಿಂದಲೇ ಆರಂಭವಾಗುತ್ತದೆ.

ನನ್ನ ಹೆಂಡತಿಯ ತಮ್ಮ ಸೈನ್ಯದಲ್ಲಿ ಇಪ್ಪತ್ತೆಂಟು ವರ್ಷ ಇದ್ದು ನಿವೃತ್ತನಾದವನು. ಹೋದ ವರ್ಷ ಅವನ ಯಕೃತ್ತು ಕೈಕೊಟ್ಟಿತು. ಇನ್ನು ಒಂದು ಹನಿಯೂ ಕೂಡದು ಎಂದು ಡಾಕ್ಟರರು ಕಡ್ಡಿ ಮುರಿದ ಹಾಗೆ ಹೇಳಿದರು. ಅವನೂ ಸಿಪಾಯಿಯಂತೆಯೇ ಆಜ್ಞೆ ಪಾಲಿಸಿದ. ಹನ್ನೊಂದು ತಿಂಗಳು ಕಳೆದ ಮೇಲೆ ಒಂದು ರಾತ್ರಿ ಫೋನ್ ಮಾಡಿ, "ಮಾಮಾ, ದೀಪಾವಳಿಗೆ ಧಾರವಾಡಕ್ಕ ಬರ್ತೀನಿ. ನೀವು ಪುಸ್ತಕಾ ಓದಿದವರು. ಜಿನ್ ಇಲ್ಲದ ಗಿಮ್ಲೆಟ್ ಮಾಡ್ಲಿಕ್ಕ ಆಗ್ತದೇನು ನೋಡ್ರಿ" ಎಂದ. ನಾನು ನಕ್ಕೆ. ಆ ಕಡೆಯಿಂದ ನಗೆ ಬರಲಿಲ್ಲ.

ಗಿಮ್ಲೆಟ್ ಎಂದರೇನೆಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಜಿನ್ ಎಂಬ ಬಣ್ಣವಿಲ್ಲದ ಮದ್ಯಕ್ಕೆ, ಸಕ್ಕರೆ ಬೆರೆಸಿ ಬಾಟಲಿಯಲ್ಲಿ ಕಾಪಿಟ್ಟ ನಿಂಬೆರಸವನ್ನು ಕೂಡಿಸಿದರೆ ಗಿಮ್ಲೆಟ್. ಅದರ ಸಾಮಗ್ರಿ ಈ ಎರಡೇ, ಮೂರನೆಯದಿಲ್ಲ. ಆ ಕಾಪಿಟ್ಟ ರಸಕ್ಕೆ ಲೈಮ್ ಕಾರ್ಡಿಯಲ್ ಎನ್ನುತ್ತಾರೆ. ಇಂಗ್ಲಿಷರು ಬಿಟ್ಟುಹೋದ ಕ್ಲಬ್ಬುಗಳಲ್ಲೂ ನಮ್ಮ ಸೈನ್ಯದ ಮೆಸ್ಸುಗಳಲ್ಲೂ ಈ ಪಾನೀಯ ಉಳಿದುಕೊಂಡು ಬಂದಿದೆ. ಭಾವಮೈದುನ ಒಮ್ಮೆ ತನ್ನ ಮೆಸ್ಸಿಗೆ ಕರೆದೊಯ್ದಿದ್ದಾಗ ನಾನೂ ಒಂದು ಲೋಟ ಕುಡಿದಿದ್ದೆ. ಅದಕ್ಕೂ ಮೊದಲು ಅದರ ಪರಿಚಯ ನನಗಾದದ್ದು ಒಂದು ಕಾದಂಬರಿಯಲ್ಲಿ. ಅದರ ವಿಷಯ ಮುಂದೆ ಬರುತ್ತದೆ.

ಹೊಸ ಪಾಠವೊಂದನ್ನು ಸಿದ್ಧಮಾಡುವವನು ಮೊದಲು ಮೂಲವನ್ನು ನಿರ್ಣಯಿಸಬೇಕು ಎಂಬುದು ಗ್ರಂಥ ಸಂಪಾದನೆಯ ಮೊದಲ ಪಾಠ. ನಾನೂ ಅಲ್ಲಿಂದಲೇ ಹೊರಟೆ. ಗಿಮ್ಲೆಟ್ಟಿನ ಮೂಲ ಹಡಗಿನಲ್ಲಿದೆ. ತಿಂಗಳುಗಟ್ಟಲೆ ಸಮುದ್ರದಲ್ಲಿದ್ದ ನಾವಿಕರಿಗೆ ಸ್ಕರ್ವಿ ಬರುತ್ತಿತ್ತು. ಒಸಡು ಕೊಳೆಯುವುದು, ಹಳೆಯ ಗಾಯಗಳು ಮತ್ತೆ ಬಾಯಿ ಬಿಡುವುದು, ಕೊನೆಗೆ ಸಾವು. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ವೈದ್ಯ ಸಾಲಿಸ್‌ಬರಿ ಎಂಬ ಹಡಗಿನಲ್ಲಿ 12 ಮಂದಿ ರೋಗಿಗಳನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿ ಬೇರೆ ಬೇರೆ ಪಥ್ಯ ಕೊಟ್ಟು ನೋಡಿದ. ಕಿತ್ತಳೆ ಮತ್ತು ಲೆಮನ್ ತಿಂದ ಜೋಡಿ ಆರೇ ದಿನದಲ್ಲಿ ಚೇತರಿಸಿಕೊಂಡಿತು. ಆದರೂ ಬ್ರಿಟಿಷ್ ನೌಕಾದಳ ಲೆಮನ್ ರಸವನ್ನು ಎಲ್ಲರಿಗೂ ಹಂಚಲು 1795ರವರೆಗೆ ಕಾಯಬೇಕಾಯಿತು. ಸರಕಾರಿ ಕಡತ ಎಲ್ಲ ದೇಶದಲ್ಲೂ ಒಂದೇ ವೇಗದಲ್ಲಿ ನಡೆಯುತ್ತದೆ.

ಇಲ್ಲಿ ಒಂದು ಪದದ ತೊಡಕಿದೆ. ಇಂಗ್ಲಿಷಿನಲ್ಲಿ ಲೆಮನ್ ಬೇರೆ, ಲೈಮ್ ಬೇರೆ. ಲೆಮನ್ ದೊಡ್ಡದು, ಹಳದಿ, ದಪ್ಪ ಸಿಪ್ಪೆಯದು. ಲೈಮ್ ಚಿಕ್ಕದು, ದುಂಡಗಿನದು, ತೆಳು ಸಿಪ್ಪೆಯದು, ಹುಳಿಯಲ್ಲಿ ಇನ್ನಷ್ಟು ಚುರುಕು. ನಮ್ಮ ಅಡುಗೆಮನೆಯ ನಿಂಬೆ, ವಿಜಯಪುರ ಜಿಲ್ಲೆಯ ಇಂಡಿಯಿಂದ ಚೀಲಗಟ್ಟಲೆ ಬರುವ ನಿಂಬೆ, ಲೈಮೇ ಹೊರತು ಲೆಮನ್ ಅಲ್ಲ. ಆದರೂ ನಾವು ಚಿತ್ರಾನ್ನಕ್ಕೆ ಲೆಮನ್ ರೈಸ್ ಎಂದು ಇಂಗ್ಲಿಷಿನಲ್ಲಿ ಹೆಸರು ಬರೆಯುತ್ತೇವೆ. ನಮ್ಮಿಂದಾದದ್ದು ಹೆಸರಿನ ತಪ್ಪು ಅಷ್ಟೆ. ಬ್ರಿಟಿಷರು ಇದೇ ತಪ್ಪಿಗೆ ಪ್ರಾಣದ ಬೆಲೆ ತೆತ್ತರು. ಹತ್ತೊಂಬತ್ತನೆಯ ಶತಮಾನದ ನಡುವೆ ಅವರ ನೌಕಾದಳ ಮೆಡಿಟರೇನಿಯನ್ನಿನ ಲೆಮನ್ ಬಿಟ್ಟು, ತಮ್ಮದೇ ವಸಾಹತಾಗಿದ್ದ ವೆಸ್ಟ್ ಇಂಡೀಸಿನ ಲೈಮ್ ತರಿಸತೊಡಗಿತು. ಹುಳಿ ಹುಳಿಯೇ ತಾನೇ ಎಂದು ಅವರ ತರ್ಕ. ಆದರೆ ಲೈಮಿನಲ್ಲಿ ಸಿ ಜೀವಸತ್ವ ಕಡಿಮೆ, ದಾಸ್ತಾನಿನಲ್ಲಿ ಇನ್ನೂ ಕಡಿಮೆಯಾಗುತ್ತಿತ್ತು. 1875ರಲ್ಲಿ ಉತ್ತರ ಧ್ರುವದ ಕಡೆಗೆ ಹೊರಟ ನೇರ್ಸ್ ತಂಡಕ್ಕೆ ಲೈಮ್ ರಸ ಜೊತೆಗಿದ್ದೂ ಸ್ಕರ್ವಿ ಹತ್ತಿತು. ಒಂದರ ಬದಲು ಇನ್ನೊಂದನ್ನು ಇಡುವವನು, ಮೊದಲನೆಯದು ಏನು ಕೆಲಸ ಮಾಡುತ್ತಿತ್ತು ಎಂದು ತಿಳಿಯದೆ ಇಟ್ಟರೆ ಹೀಗಾಗುತ್ತದೆ. ಈ ಮಾತನ್ನು ನಾನು ಮನಸ್ಸಿನಲ್ಲಿ ಗಂಟುಹಾಕಿಕೊಂಡೆ.

ಇನ್ನು ಬಾಟಲಿಯ ವಿಷಯ. ರಸ ಕೆಡದಿರಲೆಂದು ಆ ಕಾಲದಲ್ಲಿ ಅದಕ್ಕೆ ರಮ್ ಬೆರೆಸಿ ಇಡುತ್ತಿದ್ದರು. ಸ್ಕಾಟ್ಲೆಂಡಿನ ಲೀತ್ ಬಂದರಿನ ಲಾಕ್ಲನ್ ರೋಸ್ ಎಂಬಾತ ಮದ್ಯವಿಲ್ಲದೆಯೇ, ಸಕ್ಕರೆಯ ಬಲದಿಂದ ರಸವನ್ನು ಕಾಪಿಡುವ ವಿಧಾನಕ್ಕೆ 1867ರಲ್ಲಿ ಪೇಟೆಂಟ್ ಪಡೆದ. ಅದೇ ವರ್ಷ ಬ್ರಿಟನ್ನಿನಲ್ಲಿ ವ್ಯಾಪಾರಿ ಹಡಗುಗಳ ನಾವಿಕರಿಗೂ ಲೈಮ್ ಅಥವಾ ಲೆಮನ್ ರಸ ಕೊಡಬೇಕೆಂಬ ಕಾನೂನಾಯಿತು. ರೋಸನ ವ್ಯಾಪಾರ ಕುದುರಿತು. ಮದ್ಯವನ್ನು ದೂರವಿಡಲೆಂದೇ ಹುಟ್ಟಿದ ಬಾಟಲಿಗೆ ನೌಕಾದಳದ ಅಧಿಕಾರಿಗಳು ತಮ್ಮ ಜಿನ್ ಸುರಿದುಕೊಂಡರು! ಗಿಮ್ಲೆಟ್ ಎಂಬ ಹೆಸರಿಗೆ ಎರಡು ಕತೆಗಳಿವೆ. ಥಾಮಸ್ ಗಿಮ್ಲೆಟ್ ಎಂಬ ನೌಕಾದಳದ ವೈದ್ಯನಿಂದ ಬಂತು ಎನ್ನುವುದು ಒಂದು. ಕೈಬೈರಿಗೆಗೆ ಇಂಗ್ಲಿಷಿನಲ್ಲಿ ಅದೇ ಹೆಸರು, ಕುಡಿದವನ ತಲೆಗೆ ಅದು ಬೈರಿಗೆಯಂತೆ ಕೊರೆಯುತ್ತದೆ ಎನ್ನುವುದು ಇನ್ನೊಂದು. ಮರುದಿನದ ಮುಂಜಾನೆಯನ್ನು ಕಂಡವರು ಎರಡನೆಯದನ್ನೇ ನಂಬುತ್ತಾರೆ.

ಲಿಖಿತ ಪಾಠಗಳಲ್ಲಿ ಪ್ರಸಿದ್ಧವಾದದ್ದು ಲಂಡನ್ನಿನ ಸವಾಯ್ ಹೋಟೆಲಿನ ಹ್ಯಾರಿ ಕ್ರಾಡಕ್ 1930ರಲ್ಲಿ ಹೊರತಂದ ಪುಸ್ತಕದ್ದು. ಅರ್ಧ ಜಿನ್, ಅರ್ಧ ಕಾರ್ಡಿಯಲ್, ಬೇಕಿದ್ದರೆ ಮಂಜುಗಡ್ಡೆ. ನಾನು ಹೇಳಿದ ಕಾದಂಬರಿ ಎಂದರೆ ರೇಮಂಡ್ ಚಾಂಡ್ಲರನ 'ದಿ ಲಾಂಗ್ ಗುಡ್‌ಬೈ', 1953ರದು. ಅದರಲ್ಲಿ ಟೆರಿ ಲೆನಾಕ್ಸ್ ಎಂಬ ಸೋತ ಮನುಷ್ಯ ಮಾರ್ಲೋ ಎಂಬ ಪತ್ತೇದಾರನಿಗೆ ನಿಜವಾದ ಗಿಮ್ಲೆಟ್ ಯಾವುದೆಂದು ಪಾಠ ಹೇಳುತ್ತಾನೆ. ಅವನ ಪಾಠವೂ ಅರ್ಧಕ್ಕರ್ಧ. ತಾಜಾ ರಸ, ಸಕ್ಕರೆ, ಕಹಿಹನಿ ಹಾಕಿದ್ದೆಲ್ಲ ಅವನ ಪ್ರಕಾರ ಖೋಟಾ. ಸಂಜೆ ಗದ್ದಲವಿಲ್ಲದ ಹೊತ್ತಿನಲ್ಲಿ ಇಬ್ಬರೂ ಕೂತು ಗಿಮ್ಲೆಟ್ ಕುಡಿಯುವುದೇ ಅವರ ಸ್ನೇಹದ ರೂಪ. ಕಾದಂಬರಿಯ ಕೊನೆಯಲ್ಲಿ ಮುಖ, ಹೆಸರು ಎಲ್ಲ ಬದಲಿಸಿಕೊಂಡು ಬಂದ ಒಬ್ಬಾತ ಗಿಮ್ಲೆಟ್ಟಿನ ಮಾತೆತ್ತಿ ತಾನು ಯಾರೆಂದು ತೋರಿಸಿಕೊಳ್ಳುತ್ತಾನೆ. ಆದರೆ ಆ ಹೊತ್ತಿಗೆ ಸ್ನೇಹ ಮುಗಿದುಹೋಗಿರುತ್ತದೆ. ಪಾನೀಯದ ಪಾಠ ಶುದ್ಧವಾಗಿ ಉಳಿದಿದೆ, ಅದನ್ನು ಹಂಚಿಕೊಂಡ ಮನುಷ್ಯ ಉಳಿದಿಲ್ಲ. ಕಾಲೇಜಿನ ದಿನಗಳಲ್ಲಿ ಇದನ್ನು ಓದಿ ನಾನು ಪತ್ತೇದಾರಿ ಕಾದಂಬರಿಗಳ ಬಗ್ಗೆ ಇದ್ದ ತಾತ್ಸಾರ ಬಿಟ್ಟೆ.

ಕಾದಂಬರಿಗೆ ಪೂರ್ಣ ಅಂಕ ಕೊಟ್ಟರೂ, ಅದರ ಪಾಕವಿಧಾನಕ್ಕೆ ಕೊಡಲಾರೆ. ಹೋಲಿಸದೆ ವಿಮರ್ಶೆಯಿಲ್ಲ ಎಂದು ನಾನು 180 ಮಿಲಿಯ ಒಂದು ಜಿನ್ ಬಾಟಲಿ ತಂದೆ. ಅಂಗಡಿಯ ಮುಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕು, ನಮಸ್ಕಾರ ಮಾಡುವುದೋ ಬಿಡುವುದೋ ತಿಳಿಯದೆ ಕೈಯನ್ನು ಅರ್ಧಕ್ಕೇ ನಿಲ್ಲಿಸಿದ. ಮನೆಯಲ್ಲಿ ಚಾಂಡ್ಲರನ ಪಾಠದಂತೆ ಅರ್ಧಕ್ಕರ್ಧ ಬೆರೆಸಿ ನೋಡಿದೆ. ಕೆಮ್ಮಿನ ಔಷಧಿಯಷ್ಟು ಸಿಹಿ. ಎರಡು ಪಾಲು ಜಿನ್ನಿಗೆ ಒಂದು ಪಾಲು ಕಾರ್ಡಿಯಲ್ ಹಾಕಿ, ಮಂಜುಗಡ್ಡೆಯೊಂದಿಗೆ ಅರ್ಧ ನಿಮಿಷ ಕಲಕಿ ಸೋಸಿದಾಗ ಮಾತ್ರ ಅದಕ್ಕೊಂದು ಆಕಾರ ಬಂತು. ಆಗ ಕರಗಿ ಸೇರಿದ ನೀರೂ ಒಂದು ಪದಾರ್ಥವೇ ಎಂದು ತಿಳಿಯಬೇಕು.

ಈ ಸಿಹಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮಲ್ಲಿ ಮಾರುವ ಜಿನ್ನಿನಲ್ಲಿ ಸಾಮಾನ್ಯವಾಗಿ ನೂರಕ್ಕೆ 42.8 ಪಾಲು ಮದ್ಯಸಾರ. 60 ಮಿಲಿಯ ಒಂದು ದೊಡ್ಡ ಪೆಗ್ಗಿನಲ್ಲಿ ಸುಮಾರು 20 ಗ್ರಾಂ ಶುದ್ಧ ಮದ್ಯಸಾರ ಒಳಗೆ ಹೋಗುತ್ತದೆ. ಸಿಹಿಯೂ ಹುಳಿಯೂ ಕೂಡಿ ಅದನ್ನು ನಾಲಗೆಗೆ ಗೊತ್ತಾಗದಂತೆ ಸಾಗಿಸಿಬಿಡುತ್ತವೆ. ಯಕೃತ್ತು ಮಾತ್ರ ಸಕ್ಕರೆಗೆ ಮರುಳಾಗುವುದಿಲ್ಲ. ಇದಿಷ್ಟು ಮದ್ಯ ಕುಡಿದರೆ ಅಪಾಯವೇ ಇಲ್ಲ ಎನ್ನಬಹುದಾದ ಅಳತೆ ಯಾವುದೂ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿಯೇ ಹೇಳಿದೆ. ಗಿಮ್ಲೆಟ್ಟಿನ ಗುಣದೋಷ ಹೇಳುವವನು ಅದರ ಈ ಸೌಜನ್ಯವನ್ನೂ ದೋಷದ ಪಟ್ಟಿಗೇ ಸೇರಿಸಬೇಕು.

ಇತ್ತೀಚಿನ ಪಾನಪಂಡಿತರು ಬಾಟಲಿಯ ಕಾರ್ಡಿಯಲ್ಲನ್ನು ಒಪ್ಪುವುದಿಲ್ಲ. ತಾಜಾ ನಿಂಬೆ ಹಿಂಡಿ, ಸಕ್ಕರೆ ಪಾಕ ಹಾಕಿ, ಅದೇ ಸುಧಾರಿತ ಗಿಮ್ಲೆಟ್ ಎನ್ನುತ್ತಾರೆ. ನಾನೂ ಮಾಡಿ ನೋಡಿದೆ. ರುಚಿಯಾಗಿತ್ತು, ಸುಳ್ಳೇಕೆ ಹೇಳಲಿ. ಆದರೆ ಅದು ಗಿಮ್ಲೆಟ್ ಆಗಿರಲಿಲ್ಲ. ಕ್ಯೂಬಾದ ಡೈಕಿರಿಯಲ್ಲಿ ರಮ್, ತಾಜಾ ನಿಂಬೆ, ಸಕ್ಕರೆ ಇರುತ್ತವೆ. ಅಲ್ಲಿ ರಮ್ ತೆಗೆದು ಜಿನ್ ಇಟ್ಟರೆ ಈ ಸುಧಾರಿತ ಗಿಮ್ಲೆಟ್. ಅಂದರೆ ಇವರು ಭಾಮಿನಿಯನ್ನು ತಿದ್ದಲು ಹೋಗಿ ವಾರ್ಧಕ ಬರೆದಿದ್ದಾರೆ. ಷಟ್ಪದಿಯೇ ಹೌದು, ಸಾಲುಗಳೂ ಆರೇ, ನಡೆ ಬೇರೆ. ತಾಜಾ ರಸ ಚುರುಕಾಗಿ ಬಂದು ಚುರುಕಾಗಿಯೇ ಹೋಗುತ್ತದೆ. ಕಾಪಿಟ್ಟ ರಸದಲ್ಲಿ ಸಿಪ್ಪೆಯ ಸಣ್ಣ ಕಹಿ, ಸ್ವಲ್ಪ ಮಾಗಿದ ಜಡತ್ವ, ಹಡಗಿನ ಉಗ್ರಾಣದ ನೆನಪು ಇರುತ್ತದೆ. ಗಿಮ್ಲೆಟ್ಟಿನ ಜೀವ ಇರುವುದು ಈ ಹಳತನದಲ್ಲಿ. ಅದನ್ನು ದೋಷವೆಂದು ತೆಗೆದರೆ ಉಪ್ಪಿನಕಾಯಿಯ ಬದಲು ಹಸಿ ನಿಂಬೆಯ ಹೋಳು ಬಡಿಸಿದ ಹಾಗೆ.

ಇನ್ನು ಸೌತೆಕಾಯಿ, ತುಳಸಿ, ಹಸಿಮೆಣಸು ಹಾಕುವವರು. ಅವರನ್ನು ಬಯ್ಯುವ ಮೊದಲು ನಾನು ಮಾಡಿದ್ದನ್ನೂ ಒಪ್ಪಿಕೊಳ್ಳಬೇಕು. ಜಿನ್ ಇಲ್ಲದ ಲೋಟಕ್ಕೆ ಒಂದು ಖಾರ ಬೇಕೆಂದು ಶುಂಠಿ, ಏಲಕ್ಕಿ, ಕಾಳುಮೆಣಸು ಹಾಕಿದೆ. ಹೆಂಡತಿ ಒಂದು ಗುಟುಕು ಕುಡಿದು, "ರಾಮನವಮಿ ಇನ್ನಾ ದೂರ ಅದಲ್ರೀ?" ಎಂದಳು. ಮೂಲವನ್ನು ತಿದ್ದಲು ಹೋದವನು ತನಗೆ ಅಭ್ಯಾಸವಾದದ್ದನ್ನೇ ಬರೆದು ಕೂತಿದ್ದ.

ಆಗ ಮೂಲದ ಕಡೆಗೇ ಮತ್ತೆ ತಿರುಗಿದೆ. ಜಿನ್ನಿಗೆ ಜಿನ್ ಎಂಬ ಹೆಸರು ಬರುವುದು ಜೂನಿಪರ್ ಎಂಬ ಗಿಡದ ಕಾಯಿಯ ಪರಿಮಳದಿಂದ. ಅದರ ನಂತರ ಹೆಚ್ಚಿನ ಜಿನ್ನುಗಳಲ್ಲಿ ಬೀಳುವುದು ಯಾವುದು ಗೊತ್ತೇ? ಕೊತ್ತಂಬರಿ ಬೀಜ. ನಮ್ಮ ಸಾರಿನ ಪುಡಿಯ ಅದೇ ಕೊತ್ತಂಬರಿ. ಹಸಿಯಾಗಿ ಜಜ್ಜಿ ಮೂಸಿ ನೋಡಿ, ಅದರಲ್ಲಿ ನಿಂಬೆ ಸಿಪ್ಪೆಯ ವಾಸನೆಯೇ ಇದೆ. ಹುರಿದರೆ ಮಾತ್ರ ಅದು ಸಾರಿನ ಕಡೆಗೆ ವಾಲುತ್ತದೆ. ಪಾಠಾಂತರ ಮಾಡುವವನು ಹೊರಗಿನಿಂದ ಒಂದನ್ನು ತಂದು ತುರುಕುವುದಕ್ಕಿಂತ, ಮೂಲದಲ್ಲೇ ಮೆಲ್ಲಗೆ ಆಡಿದ ಒಂದು ಮಾತನ್ನು ಸ್ವಲ್ಪ ಎತ್ತಿ ಹೇಳುವುದು ಮೇಲು. ಇಡೀ ಪ್ರಯೋಗದಲ್ಲಿ ನನಗೆ ದಕ್ಕಿದ ತತ್ತ್ವ ಇದೊಂದೇ.

ವಿಧಾನ ಹೀಗೆ. ಎಂಟು ಹತ್ತು ನಿಂಬೆಹಣ್ಣು ತೊಳೆದು ಒರೆಸಿ, ಹೊರಗಿನ ಹಸಿರು ಹಳದಿ ಸಿಪ್ಪೆಯನ್ನಷ್ಟೇ ಸಣ್ಣಗೆ ತುರಿಯಬೇಕು. ಒಳಗಿನ ಬಿಳಿಯ ಪದರ ಬಂದರೆ ಕಹಿ ಮಿತಿಮೀರುತ್ತದೆ. ಆ ತುರಿಗೆ 200 ಗ್ರಾಂ ಸಕ್ಕರೆ, ಒಂದು ಚಮಚ ಜಜ್ಜಿದ ಹಸಿ ಕೊತ್ತಂಬರಿ ಬೀಜ ಸೇರಿಸಿ, ಬೆರಳಿನಿಂದ ತಿಕ್ಕಿ, ಮುಚ್ಚಿ ರಾತ್ರಿಯಿಡೀ ಬಿಡಬೇಕು. ಸಕ್ಕರೆ ಸಿಪ್ಪೆಯ ಎಣ್ಣೆಯನ್ನು ಹೀರಿ ಮುಂಜಾನೆಗೆ ಒದ್ದೆ ಮರಳಿನಂತಾಗುತ್ತದೆ. ಅದಕ್ಕೆ 150 ಮಿಲಿ ನಿಂಬೆರಸ ಹಾಕಿ, ಒಲೆಗೆ ಇಡದೆ ಕಲಕಿ ಕರಗಿಸಿ, ತೆಳು ಬಟ್ಟೆಯಲ್ಲಿ ಸೋಸಿ, ಫ್ರಿಜ್ಜಿನಲ್ಲಿಟ್ಟು ಒಂದು ವಾರದೊಳಗೆ ಬಳಸಬೇಕು. ಮಾಡಿದ ದಿನಕ್ಕಿಂತ ಮರುದಿನ ರುಚಿ ಹೆಚ್ಚು. 60 ಮಿಲಿ ಜಿನ್ನಿಗೆ ಇದು 30 ಮಿಲಿ ಸಾಕು. ನಾನು ಹಾಗೆ ಒಂದೇ ಲೋಟ ಮಾಡಿ ನೋಡಿದೆ. ಜಿನ್ನಿನೊಳಗಿನ ಕೊತ್ತಂಬರಿ ಹೊರಗಿನ ಕೊತ್ತಂಬರಿಯನ್ನು ಗುರುತು ಹಿಡಿದು ಕರೆದಂತಿತ್ತು. ಸವಾಯ್ ಪಾಠಕ್ಕಿಂತ ನನ್ನದು ಮೇಲು ಎಂದು ಆ ಅರ್ಧ ಗಂಟೆ ನಂಬಿದ್ದೆ. ಉಳಿದ ಜಿನ್ನನ್ನು ಕಪಾಟಿನಲ್ಲಿ ಕಿಟೆಲ್ಲರ ನಿಘಂಟಿನ ಹಿಂದೆ ಇಟ್ಟೆ.

ಭಾವಮೈದುನ ನರಕ ಚತುರ್ದಶಿಯ ಸಂಜೆ ಬಂದ. ಇಳಿದುಹೋಗಿದ್ದ. ಕೊರಳಪಟ್ಟಿ ಕುತ್ತಿಗೆಗಿಂತ ದೊಡ್ಡದಾಗಿತ್ತು. ಗೋಡೆಗಡಿಯಾರ ಏಳು ಹೊಡೆದಾಗ ನಾನು ಚಿಕ್ಕ ಲೋಟದಲ್ಲಿ 45 ಮಿಲಿ ಕಾರ್ಡಿಯಲ್, ಅದರ ಎರಡರಷ್ಟು ತಣ್ಣೀರು, ಒಂದು ಚಿಟಿಕೆ ಉಪ್ಪು ಹಾಕಿ ಮಂಜುಗಡ್ಡೆಯೊಂದಿಗೆ ಕಲಕಿ ಸೋಸಿ ಕೊಟ್ಟೆ. ನನಗೂ ಅದನ್ನೇ ಮಾಡಿಕೊಂಡೆ. ಅವನು ಲೋಟವನ್ನು ಬೆಳಕಿಗೆ ಹಿಡಿದ, ಮೂಸಿದ, ಒಂದು ಗುಟುಕು ಕುಡಿದ. ನಾನು ಮೌಖಿಕ ಪರೀಕ್ಷೆಗೆ ಕೂತ ಹುಡುಗನಂತೆ ನೋಡುತ್ತಿದ್ದೆ.

"ಛಲೋ ಅದ ಮಾಮಾ" ಎಂದ. ಸ್ವಲ್ಪ ಹೊತ್ತು ಬಿಟ್ಟು, "ಗಿಮ್ಲೆಟ್ ಅಲ್ಲ ಬಿಡ್ರಿ" ಎಂದ.

"ಅಲ್ಲ" ಎಂದೆ ನಾನು.

ಅಲ್ಲವೆಂದು ನನಗೆ ಮೊದಲೇ ಗೊತ್ತಿತ್ತು. ಹೌದು ಎಂದು ಹೇಳಿ ಅವನನ್ನು ಸಮಾಧಾನ ಮಾಡಬಹುದಿತ್ತು. ಆದರೆ ತಾಜಾ ನಿಂಬೆಯವರನ್ನು ಹೆಸರಿನ ವಿಷಯಕ್ಕೆ ಅಷ್ಟು ಬೈದವನು ಇಲ್ಲಿ ಹೇಗೆ ರಿಯಾಯಿತಿ ತೋರಿಸಲಿ? ಜಿನ್ ಹೋದಮೇಲೆ ಉಳಿದದ್ದು ಲಾಕ್ಲನ್ ರೋಸ್ ಮೊದಲು ತುಂಬಿಸಿದ ಬಾಟಲಿ. ಅದು ನಾವಿಕನ ಪಥ್ಯ. ಅದನ್ನೂ ಅವನಿಗೆ ಹೇಳಿದೆ, ಹಡಗಿನ ಕತೆಯೆಲ್ಲ ಹೇಳಿದೆ. ಅವನು ಕೇಳುತ್ತ ಎರಡನೆಯ ಲೋಟಕ್ಕೆ ಕೈ ಚಾಚಿದ. ಅದನ್ನು ಅರ್ಧ ಮುಗಿಸಿ, ಕಪಾಟಿನ ಕಡೆಗೆ ನೋಡುತ್ತ, ತೀರ ಸಹಜವಾಗಿ ಕೇಳಿದ.

"ಜಿನ್ ಮನ್ಯಾಗ ಅದ ಏನು ಮಾಮಾ?"

"ಇಲ್ಲ" ಎಂದೆ.

ಒಳಗಿನಿಂದ ಹೆಂಡತಿಯ ಲಟ್ಟಣಿಗೆಯ ಸದ್ದು ನಿಂತಿತು. ಅವಳಿಗೆ ಬಾಟಲಿ ಎಲ್ಲಿದೆಯೆಂದು ಗೊತ್ತು. ಒಂದೆರಡು ಕ್ಷಣ ಕಳೆದು ಸದ್ದು ಮತ್ತೆ ಶುರುವಾಯಿತು. ಅವನು ನನ್ನ ಮುಖವನ್ನು ನೋಡಿದ. ಇಪ್ಪತ್ತೆಂಟು ವರ್ಷ ಜವಾನರ ಸುಳ್ಳು ಕೇಳಿದವನಿಗೆ ಒಬ್ಬ ಮಾಸ್ತರನ ಸುಳ್ಳು ತಿಳಿಯದೇ ಇರುತ್ತದೆಯೇ? "ಛಲೋ ಆತು" ಎಂದು ಲೋಟ ಖಾಲಿ ಮಾಡಿ ಕೆಳಗಿಟ್ಟ.

ಪಾಠದ ವಿಷಯದಲ್ಲಿ ಸತ್ಯ ಹೇಳಿದ ಸಂಜೆಯೇ ಬಾಟಲಿಯ ವಿಷಯದಲ್ಲಿ ಸುಳ್ಳು ಹೇಳಿದೆ. ಎರಡನ್ನೂ ಹಿಂತೆಗೆದುಕೊಳ್ಳುವ ಮನಸ್ಸಿಲ್ಲ. ಊರಿಗೆ ಹೊರಡುವ ದಿನ ಅವನು ವಿಧಾನವನ್ನು ಬರೆದುಕೊಡಿರೆಂದ. ಅಂಚೆಕಾಗದದ ಹಾಳೆಯೊಂದರಲ್ಲಿ ಅಳತೆಸಮೇತ ಬರೆದೆ. ಮೇಲೆ ಹೆಸರೇನು ಹಾಕಲಿ ಎಂದು ಕೇಳಿದ್ದಕ್ಕೆ, "ನಿಂಬಿ ಶರಬತ್ತು ಅಂತ ಬರೀರಿ ಮಾಮಾ, ಡಾಕ್ಟರ್ ನೋಡಿದ್ರ ಗಾಬರಿ ಆಗೂದು ಬ್ಯಾಡ" ಎಂದು ನಕ್ಕ. ಹಾಗೆಯೇ ಬರೆದು ಕೊಟ್ಟೆ. ಅವನ ಬಸ್ಸು ಹೋದಮೇಲೆ ಮನೆಗೆ ಬಂದು ನಿಘಂಟನ್ನು ಸರಿಸಿ, ಬಾಟಲಿಯಲ್ಲಿ ಉಳಿದದ್ದನ್ನು ಬಚ್ಚಲಿಗೆ ಸುರಿದೆ. ಮುಂದಿನ ಸಲ ಅವನು ಕೇಳಿದರೆ ಅದೇ ಉತ್ತರವನ್ನು ಸುಳ್ಳಿಲ್ಲದೆ ಕೊಡಬಹುದು.